ಗ್ಲೌಸ್ ಕೊಟ್ಟು ಕೈತೊಳೆದುಕೊಂಡವರಿಗೆ

ಆಸ್ಪತ್ರೆಯಲ್ಲಿ ಕಸ ತೆಗೆಯುವ ಹೆಂಗಸಿಗೆ ಸೂಜಿ ಚುಚ್ಚಿತು ಎಂದರೆ ಮೇಲಿನವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: ‘ಗ್ಲೌಸ್ ಕೊಟ್ಟಿದ್ದೇವೆ, ಅವರೇ ಹಾಕಿಕೊಳ್ಳುವುದಿಲ್ಲ.’ ಕೇಳಿ ಕೇಳಿ ರೋಸಿಹೋಗಿದೆ. ತೆಳು ರಬ್ಬರ್ ಗ್ಲೌಸ್ ಕೈಗೆ ರಕ್ತ ಅಂಟದಂತೆ ತಡೆದೀತು, ಸೂಜಿಯನ್ನು ತಡೆಯುತ್ತದೆಯೇ? ಉಬ್ಬಿದ ಚೀಲದ ಬಾಯಿ ಕಟ್ಟಲು ಅವಳು ಅದನ್ನು ಮೊಣಕಾಲಲ್ಲಿ ಅದುಮುತ್ತಾಳೆ. ಹತ್ತಿ, ಬ್ಯಾಂಡೇಜಿನ ನಡುವೆ ಬಿದ್ದಿದ್ದ ಸೂಜಿ ಚೀಲ ಹರಿದು, ಸೀರೆ ದಾಟಿ ನಾಟುತ್ತದೆ. ಸೂಜಿ ಸೇರಬೇಕಾದದ್ದು ತೂತಾಗದ ಬಿಳಿ ಡಬ್ಬಿಗೆ. ಅದನ್ನು ಚೀಲಕ್ಕೆ ಎಸೆದವರು ಯಾರೆಂದು ಯಾರೂ ಕೇಳುವುದಿಲ್ಲ.

ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಲಸಿಕೆ ಇಲ್ಲದವರಿಗೆ ಪಿತ್ತಜನಕಾಂಗವನ್ನು ಕೆಡಿಸುವ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 30ರವರೆಗೂ ಇದೆ. ನೂರಕ್ಕೆ ಮೂವತ್ತು! ಅದನ್ನು ತಡೆಯುವ ಲಸಿಕೆ ದಶಕಗಳಿಂದ ಲಭ್ಯವಿದೆ. ಆರು ತಿಂಗಳಲ್ಲಿ ಮೂರು ಡೋಸು, ಅಷ್ಟೇ. ಈ ಕಸ ಮುಟ್ಟುವ ಎಲ್ಲರಿಗೂ ಅದನ್ನು ಹಾಕಿಸಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳುತ್ತವೆ. ಕಾಯಂ ನೌಕರರಿಗೆ ಮಾತ್ರ ಎಂದು ಅಲ್ಲೆಲ್ಲೂ ಬರೆದಿಲ್ಲ. ಆದರೂ ಗುತ್ತಿಗೆಯವರ ಮಾತು ಬಂದೊಡನೆ ಆಸ್ಪತ್ರೆ ಏಜೆನ್ಸಿಯತ್ತ ಬೆರಳು ತೋರಿಸುತ್ತದೆ, ಏಜೆನ್ಸಿ ಆಸ್ಪತ್ರೆಯತ್ತ.

ಈ ಎಳೆದಾಟಕ್ಕೆ ಸಮಯವಾದರೂ ಎಲ್ಲಿದೆ? ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟೂ ಎರಡು ಗಂಟೆಯೊಳಗೆ, ತಡವಾದರೂ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು. ಅದನ್ನು ಒದಗಿಸುವ ಹೊಣೆ ಸಂಸ್ಥೆಯದೇ ಎಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಆದರೆ ಸೂಜಿ ಚುಚ್ಚಿತೆಂದು ಹೇಳಿದರೆ ಬೈಗುಳ, ರಜೆ ಹಾಕಿದರೆ ಸಂಬಳ ಕಡಿತ ಎಂಬ ಭಯದಲ್ಲಿರುವವಳು ಗಾಯ ತೊಳೆದುಕೊಂಡು ಮತ್ತೆ ಪೊರಕೆ ಹಿಡಿಯುತ್ತಾಳೆ.

ಇನ್ನೊಂದು ಮಾತು ಓದಿದಾಗ ರಕ್ತ ಕುದಿಯುತ್ತದೆ. ಅದೇ 2016ರ ನಿಯಮಗಳು ‘ದೊಡ್ಡ ಅಪಘಾತ’ ಎಂದರೇನೆಂದು ವಿವರಿಸುವಾಗ ತ್ಯಾಜ್ಯದ ಲಾರಿ ಮಗುಚಿದ್ದನ್ನು ಸೇರಿಸಿಕೊಂಡು, ಸೂಜಿ ಚುಚ್ಚಿದ್ದನ್ನು ಹೊರಗಿಟ್ಟಿವೆ. ಮಗುಚಿದ ಲಾರಿ ದೊಡ್ಡದು, ಅವಳ ಪಿತ್ತಜನಕಾಂಗ ಸಣ್ಣದು!

ಜೀವಕ್ಕೆ ಅಪಾಯವಿರುವ ಕೆಲಸವನ್ನೇ ಹುಡುಕಿ ಗುತ್ತಿಗೆಗೆ ಕೊಟ್ಟ ವ್ಯವಸ್ಥೆ ಇದು. ಆ ಕೆಲಸಕ್ಕೆ ಯಾವ ಕೇರಿಯವರು ಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು, ಅದಕ್ಕೇ ಎಲ್ಲರೂ ಸುಮ್ಮನಿದ್ದಾರೆ. ನಮ್ಮ ಮನೆಗಳೂ ಸಾಚಾ ಅಲ್ಲ. ಇನ್ಸುಲಿನ್ ಸೂಜಿಯನ್ನು ಹಸಿ ಕಸಕ್ಕೆ ಎಸೆಯುತ್ತೇವೆ; ಬೆಳಿಗ್ಗೆ ಆಟೋ ಟಿಪ್ಪರ್ ಪಕ್ಕ ನಿಂತು ಅದನ್ನು ಕೈಯಲ್ಲಿ ಬೇರ್ಪಡಿಸುವವರು ಪೌರಕಾರ್ಮಿಕರು.

ಆರೋಗ್ಯ ಇಲಾಖೆಯವರೇ, ಪಾಲಿಕೆಯವರೇ, ಇನ್ನು ಗ್ಲೌಸಿನ ಲೆಕ್ಕ ಹೇಳಬೇಡಿ. ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕುವ ಮುನ್ನ ಪ್ರತಿ ಕೆಲಸಗಾರರ ಮೂರೂ ಡೋಸಿನ ದಾಖಲೆ ಕೇಳಿ. ಕೊಡದಿದ್ದರೆ ಬಿಲ್ ತಡೆಹಿಡಿಯಿರಿ.