ಜಾಮೀನು ಅಂದ್ರೆ ಬಿಡುಗಡೆ ಅಲ್ಲ ಸ್ವಾಮೀ!

"ಭಯೋತ್ಪಾದಕರಿಗೆ ಎಂಥಾ ಜಾಮೀನು ರೀ?" ಅಂತ ಕೇಳೋರು ನನ್ನ ಗೆಳೆಯರಲ್ಲೇ ಬೇಕಾದಷ್ಟು ಜನ ಇದ್ದಾರೆ. ಓದಿದವರೇ, ನನ್ನ ಹಾಗೆ ದಿನವಿಡೀ ಕೋಡ್ ಕುಟ್ಟೋರೇ. ಅವರಿಗೆ ನನ್ನದೊಂದೇ ಪ್ರಶ್ನೆ: ಆತ ಭಯೋತ್ಪಾದಕ ಅಂತ ತೀರ್ಮಾನ ಮಾಡಿದ್ದು ಯಾರು? ಪೊಲೀಸರು ತಾನೆ? ಕೋರ್ಟು ಇನ್ನೂ ಒಬ್ಬ ಸಾಕ್ಷಿಯ ಮಾತನ್ನೂ ಕೇಳಿಲ್ಲ!

ಯು.ಎ.ಪಿ.ಎ. 1967ರ ಕಾಯ್ದೆ. ಮುಂಬೈ ದಾಳಿಯಾದ ಮೇಲೆ, 2008ರ ಡಿಸೆಂಬರಿನಲ್ಲಿ, ಅದಕ್ಕೆ 43ಡಿ ಅನ್ನೋ ಕಲಮು ಸೇರಿತು. ಅದರ ಐದನೇ ಉಪಕಲಮು ಹೇಳೋದಿಷ್ಟು: ಕೇಸ್ ಡೈರಿ, ಆರೋಪಪಟ್ಟಿ ನೋಡಿ ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಜಾಮೀನು ಕೊಡಕೂಡದು. ಡೈರಿ ಬರೆಯೋದು ಪೊಲೀಸರು. ಆರೋಪಪಟ್ಟಿಯೂ ಅವರದ್ದೇ. 2019ರ ವಟಾಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಜಾಮೀನಿನ ಹಂತದಲ್ಲಿ ಈ ಸಾಕ್ಷ್ಯವನ್ನು ಕೂಲಂಕಷವಾಗಿ ತೂಗಿ ನೋಡಬೇಡಿ ಅಂದುಬಿಟ್ಟಿತು. ಕೋಡ್ ಬರೆದವನೇ ಟೆಸ್ಟ್ ಮಾಡಿ "ಪಾಸ್" ಅಂತ ಬರ್ಕೊಂಡ ಹಾಗಾಯ್ತು. ಒಂದು ಲಾಗಿನ್ ಪೇಜಿಗೂ ನಾವು ಇದನ್ನ ಒಪ್ಪಲ್ಲ!

ದೂರ ಯಾಕೆ, ನಮ್ಮ ಮೈಸೂರನ್ನೇ ತಗೊಳ್ಳಿ. ವೀರಪ್ಪನ್‌ಗೆ ನೆರವಾದರು ಅಂತ 90ರ ದಶಕದಲ್ಲಿ ಕಾಡಂಚಿನ ಹಳ್ಳಿಗರನ್ನ ಟಾಡಾದಡಿ ಹಿಡಿದು ಜೈಲಿಗೆ ತುಂಬಿದರು. 1995ರಲ್ಲಿ ಟಾಡಾ ಕಾಯ್ದೆಯೇ ಸತ್ತಿತು, ಇವರು ಮಾತ್ರ ಒಳಗೇ ಉಳಿದರು. 2000ದಲ್ಲಿ ರಾಜಕುಮಾರ್ ಅಪಹರಣವಾದಾಗ ವೀರಪ್ಪನ್ ಇವರನ್ನು ಬಿಡಿ ಅಂದ, ಸರ್ಕಾರ ಹೂಂ ಅಂದಿತು. ವೀರಪ್ಪನ್ ತಂಡಕ್ಕೆ ಬಲಿಯಾದ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿನ ತನಕ ಹೋಗಿ ಅದನ್ನ ತಡೆದರು. ಸರಿಯಾಗೇ ಮಾಡಿದರು. ಕಾಡುಗಳ್ಳ ಕೇಳಿದ ಅಂತ ಯಾರನ್ನೂ ಬಿಡಬಾರದು. ಆದರೆ 2001ರಲ್ಲಿ ಮೈಸೂರಿನ ಟಾಡಾ ಕೋರ್ಟು ತೀರ್ಪು ಕೊಟ್ಟಾಗ ಏನಾಯ್ತು? ನೂರಕ್ಕೂ ಹೆಚ್ಚು ಮಂದಿ ಖುಲಾಸೆ! ಇವರಲ್ಲಿ ಒಳಗೇ ಕೊಳೆತವರ ಆ ವರ್ಷಗಳನ್ನ ಯಾವ ಸರ್ಕಾರ ವಾಪಸು ಕೊಟ್ಟಿತು? ಕೂಲಿ ಮಾಡೋ ಮನೆಯಲ್ಲಿ ದುಡಿಯೋ ಕೈ ಅಷ್ಟು ವರ್ಷ ಇಲ್ಲ ಅಂದ್ರೆ ಏನು ಅಂತ ಸಂಬಳ ಎಣಿಸೋ ನಮಗೆ (ನನ್ನನ್ನೂ ಸೇರಿಸಿ) ಹೇಗೆ ತಾನೆ ಗೊತ್ತಾಗಬೇಕು?

"ಹಾಗಾದ್ರೆ ಬಾಂಬ್ ಇಟ್ಟವನನ್ನ ಹೊರಗೆ ಬಿಡೋಣವಾ?" ಬೇಡ್ರೀ. ಓಡಿಹೋಗ್ತಾನೆ, ಸಾಕ್ಷಿಗಳನ್ನ ಹೆದರಿಸ್ತಾನೆ ಅನ್ನಿಸಿದರೆ ಜಾಮೀನು ನಿರಾಕರಿಸೋಕೆ ಸಾಮಾನ್ಯ ಕಾನೂನೇ ಸಾಕು. ನಾನು ಕೇಳ್ತಿರೋದು ಅದನ್ನ ನ್ಯಾಯಾಧೀಶರು ತಾವೇ ತೂಗಿ ನೋಡಲಿ ಅಂತ ಅಷ್ಟೇ.

ಕೇರಳದಲ್ಲಿ 2010ರಲ್ಲಿ ಪ್ರೊಫೆಸರೊಬ್ಬರ ಕೈ ಕತ್ತರಿಸಿದ ಕೇಸು ನೆನಪಿದೆಯಾ? ಅದರ ಆರೋಪಿ ನಜೀಬ್ ಐದು ವರ್ಷಕ್ಕೂ ಹೆಚ್ಚು ಕಾಲ ಜೈಲಲ್ಲಿದ್ದ. ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿ. ವಿಚಾರಣೆ ಇಷ್ಟು ಎಳೆದಾಗ 43ಡಿ ಇದ್ದರೂ ಜಾಮೀನು ಕೊಡಬಹುದು ಅಂತ 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸರಿ, ಜಾಮೀನು ಸಿಕ್ಕ ಮೇಲೆ ದೇಶ ಮುಳುಗಿತಾ? ವಿಚಾರಣೆ ನಡೀತು, 2023ರ ಜುಲೈನಲ್ಲಿ ಆತ ತಪ್ಪಿತಸ್ಥ ಅಂತ ತೀರ್ಪಾಯ್ತು, ಜೀವಾವಧಿ ಶಿಕ್ಷೆಯೂ ಬಿತ್ತು.