ಐದು ‘ಎಫ್’ಗಳಲ್ಲಿ ನೀರೆಲ್ಲಿ?

ಕಲಬುರಗಿಗೆ ಪಿಎಂ ಮಿತ್ರ ಜವಳಿ ಪಾರ್ಕ್ ಬರುವುದೆಂದು 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಘೋಷಿಸಿದಾಗ ನಮ್ಮ ಕೊಡಂಬಲದ ಕಟ್ಟೆಯ ಮೇಲೂ ಸಂಭ್ರಮ ಕಂಡಿದ್ದೆ. ಪುಣೆ, ಹೈದರಾಬಾದಿಗೆ ಗುಳೆ ಹೋಗುವ ನಮ್ಮ ಮಕ್ಕಳಿಗೆ ನೆರೆ ಜಿಲ್ಲೆಯಲ್ಲೇ ಸಾವಿರ ಎಕರೆಯ ಉದ್ಯಮ ಬೇಡವೆನ್ನುವ ಅವಿವೇಕಿ ನಾನಲ್ಲ. ಆದರೆ ಯೋಜನೆಯ ಘೋಷವಾಕ್ಯವನ್ನು ಗಮನಿಸಿ: ಫಾರ್ಮ್, ಫೈಬರ್, ಫ್ಯಾಕ್ಟರಿ, ಫ್ಯಾಶನ್, ಫಾರಿನ್. ಹೊಲದಿಂದ ಹೊರದೇಶದವರೆಗೆ ಐದು ‘ಎಫ್’ಗಳು! ಬಟ್ಟೆಗೆ ಬಣ್ಣವೇರಿಸುವ ನೀರಿನ ಹೆಸರೇ ಇಲ್ಲ.

ಹತ್ತಿಬಟ್ಟೆಗೆ ಇಂದು ಹೆಚ್ಚಾಗಿ ಬಳಸುವ ರಿಯಾಕ್ಟಿವ್ ಬಣ್ಣ ಪೂರ್ತಿಯಾಗಿ ನೂಲಿಗೆ ಹಿಡಿಯುವುದಿಲ್ಲ. ಹಿಡಿಯದೆ ಉಳಿದ ಬಣ್ಣವನ್ನೂ, ಹಿಡಿಸಲೆಂದು ಸುರಿದ ಉಪ್ಪನ್ನೂ ಮತ್ತೆ ಮತ್ತೆ ತೊಳೆದು ತೆಗೆಯಬೇಕು. ಲೆಕ್ಕ ಬಿಡಿಸದೆ ಮೇಷ್ಟ್ರ ಮನಸ್ಸು ನಿಲ್ಲದು, ಕ್ಷಮಿಸಿ. ಹಳೆಯ ವಿಂಚ್ ಯಂತ್ರದಲ್ಲಿ ಕಿಲೋ ಬಟ್ಟೆಗೆ 20 ಲೀಟರ್ ನೀರು ತುಂಬಿದರೆ, ಹೊಸ ಸಾಫ್ಟ್‌ಫ್ಲೋ ಯಂತ್ರಕ್ಕೆ 6 ಲೀಟರ್ ಸಾಕು. 100 ಕಿಲೋ ಬಟ್ಟೆಗೆ ಎಂಟು ಬಾರಿ ನೀರು ಬದಲಾಯಿಸಿದರೆ ಅಲ್ಲಿ 16,000 ಲೀಟರ್, ಇಲ್ಲಿ 4,800. ಕೊನೆಯ ತೊಳೆತದ ತಿಳಿನೀರನ್ನು ಮುಂದಿನ ಬಟ್ಟೆಯ ಮೊದಲ ತೊಳೆತಕ್ಕೆ ಬಳಸಿದರೆ ಇನ್ನೂ ಉಳಿತಾಯ. ಮನೆಯ ನಲ್ಲಿ ತಿರುಗಿಸಿರೆಂದು ಗೃಹಿಣಿಗೆ ಗೋಡೆಬರಹದಲ್ಲಿ ಬೋಧಿಸುವ ನಾವು ಈ 11,200 ಲೀಟರಿನ ಬಗ್ಗೆ ಮೌನವಾಗಿರುವುದೇಕೆ?

ಪಾರ್ಕಿನಲ್ಲಿ ಸಾಮೂಹಿಕ ಶುದ್ಧೀಕರಣ ಘಟಕ ಇರುತ್ತದಲ್ಲ ಎನ್ನುವರು. ಇರಲಿ, ಇರಲೇಬೇಕು. ಆದರೆ ಕೆಡಿಸಿ ಶುದ್ಧಗೊಳಿಸುವುದೂ ಕೆಡಿಸದೆ ಉಳಿಸುವುದೂ ಒಂದೇ ಅಲ್ಲ. ತಿರುಪ್ಪೂರನ್ನು ನೋಡಿ. ನೊಯ್ಯಲ್ ನದಿಗೆ ನೀರಾವರಿಗೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ಹೊಂಡವಾಯಿತು. ಆ ನೀರು ಬಿಡಬೇಡಿರೆಂದು ರೈತರೇ ಮೊರೆಯಿಟ್ಟರು! 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ 700ಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಿಸಿದಾಗ ಬೀದಿಗೆ ಬಿದ್ದವರು ಕೂಲಿಕಾರರು. ಆಮೇಲೆ ಒಂದು ಹನಿಯನ್ನೂ ಹೊರಬಿಡದ ವ್ಯವಸ್ಥೆ ಬಂತು, ನಿಜ. ಆದರೆ ಉಪ್ಪುನೀರನ್ನು ಕುದಿಸಿ ಆರಿಸಲು ಇಂಧನ ಸುಡಬೇಕು, ಉಳಿದ ಕೆಸರನ್ನು ಎಲ್ಲಿಯಾದರೂ ಒಟ್ಟಬೇಕು. ಮೊದಲೇ ಕಡಿಮೆ ನೀರು ಬಳಸಿದ್ದರೆ ಕುದಿಸುವುದೂ ಕಡಿಮೆಯಾಗುತ್ತಿತ್ತು.

ನಮ್ಮದಾದರೋ ಬರದ ಸೀಮೆ. ಬೀದರ ಜಿಲ್ಲೆಗೆ ಅಂಟಿಕೊಂಡ ಲಾತೂರಿಗೆ 2016ರ ಏಪ್ರಿಲ್‌ನಲ್ಲಿ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ತಂದದ್ದನ್ನು ಮರೆತೆವೇ? ಅಂಥ ನೆಲದ ಮಗ್ಗುಲಲ್ಲಿ ಭೀಮೆಯ ನೀರನ್ನು ಬಣ್ಣದ ತೊಟ್ಟಿಗೆ ಸುರಿಯುವ ಮೊದಲು ಕಲಬುರಗಿ ನಗರದ ಚರಂಡಿ ನೀರನ್ನು ಸಂಸ್ಕರಿಸಿ ಕೊಡಲಿ. ಕಿಲೋ ಬಟ್ಟೆಗೆ ಇಷ್ಟೇ ಲೀಟರ್ ಎಂಬ ಮಿತಿ ನಿವೇಶನ ಹಂಚುವ ಕರಾರಿನಲ್ಲೇ ಇರಲಿ. ಸಬ್ಸಿಡಿ ಕೊಡುವುದಾದರೆ ಕಡಿಮೆ ನೀರಿನ ಯಂತ್ರಕ್ಕೆ ಕೊಡಲಿ, ಅಗ್ಗದ ನೀರಿಗಲ್ಲ. ಹಳೆಯ ಊರುಗಳ ಸವೆದ ಯಂತ್ರಗಳನ್ನು ಕಡಿಮೆ ಬೆಲೆಗೆ ತಂದು ಇಲ್ಲಿ ಕೂರಿಸಲು ಬಿಟ್ಟರೆ ಅವು ಹತ್ತಾರು ವರ್ಷ ಕದಲುವುದಿಲ್ಲ.