ಬಿತ್ತದ ಹೊಲಕ್ಕೆ ಸುಗ್ಗಿ ಎಲ್ಲಿಯದು?

ಸಂಸಾರಿಗೆ ಧನ ಬೇಕು. ಮಕ್ಕಳ ವಿದ್ಯೆ, ಮಗಳ ಮದುವೆ, ಮುಪ್ಪಿನ ಔಷಧ, ಯಾವುದೂ ಹಣವಿಲ್ಲದೆ ನಡೆಯದು. ಆದ್ದರಿಂದಲೇ ಶರಣರು ಧನವನ್ನು ಹಳಿಯಲಿಲ್ಲ. ಅದು ಯಾವ ದಾರಿಯಿಂದ ಮನೆಗೆ ಬಂತೆಂದು ಕೇಳಿದರು. ಬೆವರು ಸುರಿಸಿ ಪಡೆದದ್ದು ಕಾಯಕದ ಫಲ. ಅದರಲ್ಲಿ ಒಂದು ಪಾಲು ದಾಸೋಹಕ್ಕೆ ಸಲ್ಲಬೇಕು. ಈ ಕಟ್ಟಳೆಯಲ್ಲಿ ಬಾಳುವವನಿಗೆ ಬಡತನ ಬಂದರೂ ಭಯ ಬಾರದು.

ಈಗ ಹಳ್ಳಿಯ ಮನೆಮನೆಗೂ ಮೊಬೈಲ್ ಬಂದಿದೆ. ಅದರ ಬೆನ್ನಿಗೇ ಮೋಸಗಾರರೂ ಬಂದಿದ್ದಾರೆ. "ನಿಮ್ಮ ಇ-ಮೇಲ್ ವಿಳಾಸಕ್ಕೆ ಕೋಟಿ ರೂಪಾಯಿ ಬಹುಮಾನ ಬಂದಿದೆ" ಎಂಬ ಪತ್ರ ಬರುತ್ತದೆ. ಟೀವಿಯ ಕೌನ್ ಬನೇಗಾ ಕರೋಡ್‌ಪತಿ ಕಾರ್ಯಕ್ರಮದ ಹೆಸರು ಹೇಳಿ, 25 ಲಕ್ಷ ರೂಪಾಯಿ ಲಾಟರಿ ಹತ್ತಿದೆ ಎಂಬ ಸುಳ್ಳು ಸಂದೇಶಗಳು ವಾಟ್ಸಾಪಿನಲ್ಲಿ ದೇಶದ ತುಂಬ ಹರಿದಾಡಿವೆ. ರಿಸರ್ವ್ ಬ್ಯಾಂಕಿನ ಲಾಂಛನವನ್ನೂ ಗವರ್ನರರ ಹೆಸರನ್ನೂ ಕದ್ದು ಅಚ್ಚೊತ್ತಿದ ಪತ್ರಗಳೂ ಉಂಟು.

ಇದು ಹೊಸ ವಿದ್ಯೆಯೇನೂ ಅಲ್ಲ. 19ನೆಯ ಶತಮಾನದಲ್ಲಿ ಸ್ಪೇನ್ ದೇಶದ ಹೆಸರಿನಲ್ಲಿ ಇಂಥ ಕಾಗದಗಳು ಹೊರಡುತ್ತಿದ್ದವು. ಸೆರೆಯಲ್ಲಿರುವ ಸಿರಿವಂತನೊಬ್ಬನನ್ನು ಬಿಡಿಸಲು ಹಣ ಕಳಿಸಿದರೆ ಅವನ ನಿಧಿಯಲ್ಲಿ ಪಾಲು ಸಿಗುವುದೆಂದು ಅವು ಹೇಳುತ್ತಿದ್ದವು. ಮುಂದೆ ನೈಜೀರಿಯಾದ ಹೆಸರಿನಲ್ಲಿ ಬಂದ ಪತ್ರಗಳಿಗೆ, ಆ ದೇಶದ ದಂಡಸಂಹಿತೆಯ ವಂಚನೆಯ ಕಲಮಿನಿಂದ, '419' ಎಂಬ ಹೆಸರೇ ಬಿತ್ತು. ಕಾಗದ ಹೋಗಿ ಇ-ಮೇಲ್ ಬಂದಿತು. ಗಾಳ ಮಾತ್ರ ಅದೇ.

ಆ ಗಾಳದ ಬಗೆಯನ್ನು ತಿಳಿಯೋಣ. ಮೊದಲು ಕೇಳುವುದು ಸಣ್ಣ ಮೊತ್ತ, ಅರ್ಜಿಯ ಶುಲ್ಕವೆಂದು. ಅದು ಸಂದ ಬಳಿಕ ತೆರಿಗೆ, ಆಮೇಲೆ ಕಸ್ಟಮ್ಸ್ ಸುಂಕ, ಆಮೇಲೆ ಇನ್ನೊಂದು. ಕೊಟ್ಟ ಹಣ ಮುಳುಗಬಾರದೆಂದು ಮನುಷ್ಯ ಮತ್ತೆ ಕೊಡುತ್ತಾನೆ. ಕೆಸರಿನಲ್ಲಿ ಸಿಕ್ಕ ಎತ್ತು ಕಾಲು ಕಿತ್ತಷ್ಟೂ ಹೂಳುವಂತೆ ಅವನ ಸ್ಥಿತಿಯಾಗುತ್ತದೆ.

ಗುರುತಿಸುವುದು ಕಷ್ಟವಲ್ಲ. ಟಿಕೆಟ್ಟನ್ನೇ ಕೊಳ್ಳದವನಿಗೆ ಲಾಟರಿ ಹತ್ತುವುದು ಹೇಗೆ? ನಮ್ಮ ರಾಜ್ಯದಲ್ಲಿ 2007ರಿಂದ ಲಾಟರಿ ಮಾರಾಟವೇ ನಿಷಿದ್ಧ. ಪರದೇಶದ ಲಾಟರಿಗೆ ಇಲ್ಲಿಂದ ಹಣ ಕಳಿಸುವುದು ಕಾನೂನಿಗೆ ವಿರುದ್ಧವೆಂದು ರಿಸರ್ವ್ ಬ್ಯಾಂಕು 2010ರಲ್ಲಿಯೇ ಎಚ್ಚರಿಸಿದೆ. ಬಹುಮಾನ ಹಂಚಲು ಆ ಬ್ಯಾಂಕು ಯಾರ ಹೆಸರಿನಲ್ಲಿಯೂ ಖಾತೆ ಇಟ್ಟಿಲ್ಲ. ನಿಜವಾದ ನಗದು ಬಹುಮಾನವಾದರೆ ತೆರಿಗೆಯನ್ನು ಕೊಡುವವರೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಗೆದ್ದವನಿಂದ ಮುಂಗಡ ಕೇಳುವುದಿಲ್ಲ. "ಇವತ್ತೇ ಕಟ್ಟಿ, ಯಾರಿಗೂ ಹೇಳಬೇಡಿ" ಎಂದರೆ ಅಲ್ಲಿ ಮೋಸವಿದೆಯೆಂದೇ ತಿಳಿಯಿರಿ. ಓಟಿಪಿ, ಪಿನ್ ಕೇಳಿದರೆ ಮಾತು ನಿಲ್ಲಿಸಿರಿ. ಮೊಬೈಲಿನಲ್ಲಿ ಹಣ ಪಡೆಯುವುದಕ್ಕೆ ಪಿನ್ ಒತ್ತಬೇಕಾಗಿಲ್ಲ. ಕೊಡುವುದಕ್ಕೆ ಮಾತ್ರ ಒತ್ತಬೇಕು. ಇದೊಂದು ಮಾತು ನೆನಪಿದ್ದರೂ ಎಷ್ಟೋ ಮನೆಗಳು ಉಳಿಯುತ್ತವೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ನಿಮಗೆಲ್ಲ ತಿಳಿದದ್ದೇ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ನಮಗೇಕೆ ಇಷ್ಟು, ಹೆಚ್ಚಾದದ್ದನ್ನು ಅಲ್ಲಿಯೇ ಹಾಕಿ ಬನ್ನಿರೆಂದು ಆ ತಾಯಿ ಹಿಂದಕ್ಕೆ ಕಳಿಸಿದಳು. ಕಣ್ಣೆದುರಿನ ಅಕ್ಕಿಯನ್ನೇ ಬೇಡವೆಂದ ಮನೆತನ ನಮ್ಮದು. ಕಾಣದ ಕೋಟಿಗೆ ಕೈಯಲ್ಲಿದ್ದ ಬಿತ್ತನೆಯ ಹಣವನ್ನು ಸುರಿಯಬಹುದೇ?

ಆದರೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೋಸಹೋದವರನ್ನು ಕಂಡು "ದುರಾಸೆಗೆ ತಕ್ಕ ಶಾಸ್ತಿ" ಎಂದು ನಗುವವರಿದ್ದಾರೆ. ಇದು ನ್ಯಾಯವಲ್ಲ. ಎಲ್ಲರೂ ದುರಾಸೆಯಿಂದಲೇ ಸಿಕ್ಕಿಬೀಳುವುದಿಲ್ಲ. ಸಾಲದ ಭಾರದಲ್ಲಿ ಬಾಗಿದವನು ದೇವರೇ ದಾರಿ ತೋರಿಸಿದನೆಂದು ನಂಬುತ್ತಾನೆ. ಸರ್ಕಾರದ ಮುದ್ರೆ ಕಂಡರೆ ಕೈ ಮುಗಿಯುವ ಹಿರಿಯರು ಆ ಮುದ್ರೆಯನ್ನೇ ನಂಬುತ್ತಾರೆ. ನಂಬಿದ್ದು ಅವರ ಪಾಪವಲ್ಲ. ನಂಬಿಕೆಯನ್ನು ಕೊಂದದ್ದು ಕಳ್ಳನ ಪಾಪ. ನಾವು ನಕ್ಕರೆ ಹಿರಿಯರು ನಾಚಿ ಬಾಯಿ ಮುಚ್ಚುತ್ತಾರೆ. ಒಳಗೊಳಗೇ ಕೊರಗುತ್ತಾರೆ, ಕೆಲವರು ಪ್ರಾಣಕ್ಕೂ ಎರವಾಗುತ್ತಾರೆ. ಕಳ್ಳನಿಗೆ ಬೇಕಾದದ್ದೂ ಆ ಮೌನವೇ. ಮನೆಯವರ ಹಂಗಿಸುವ ನಾಲಿಗೆ ಅವನಿಗೆ ಎರಡನೆಯ ಕೈಯಾಗುತ್ತದೆ.

ಆದಕಾರಣ ಮನೆಯ ಮಕ್ಕಳು, ಮೊಮ್ಮಕ್ಕಳು ಹಿರಿಯರ ಹತ್ತಿರ ಕುಳಿತು ಇಂಥ ಸಂದೇಶ ಬಂದರೆ ತೋರಿಸಿರೆಂದು ಹೇಳಬೇಕು. ಅಜ್ಜ ತೋರಿಸಿದಾಗ ಗದರಬಾರದು. ಹಿರಿಯರೂ ಕೇಳುವುದಕ್ಕೆ ಸಂಕೋಚಪಡಬಾರದು. ಎತ್ತು ಕೊಳ್ಳುವಾಗ ನಾಲ್ಕು ಜನರನ್ನು ಕೇಳುವ ನಾವು, ಕಾಣದವನಿಗೆ ಹಣ ಕಳಿಸುವ ಮುನ್ನ ಒಬ್ಬರನ್ನಾದರೂ ಕೇಳಬೇಡವೇ? ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930 ಸಂಖ್ಯೆಗೆ ಫೋನ್ ಮಾಡಿರಿ, ಬ್ಯಾಂಕಿಗೂ ಪೊಲೀಸ್ ಠಾಣೆಗೂ ತಿಳಿಸಿರಿ. ಹಣ ಕಳ್ಳನ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲೇ ದೂರು ಮುಟ್ಟಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಉಂಟು. ಗಂಟೆಗಳು ಕಳೆದಷ್ಟೂ ಅದು ಕೈಜಾರುತ್ತದೆ. ಸಂದೇಶವನ್ನು ಅಳಿಸದೆ ಸಾಕ್ಷಿಗಾಗಿ ಇಟ್ಟುಕೊಳ್ಳಿರಿ.

ಬಿತ್ತದ ಹೊಲಕ್ಕೆ ಸುಗ್ಗಿ ಇಲ್ಲ. ಬಿತ್ತಿ ಬೆಳೆದದ್ದನ್ನು ಕಾಯುವುದೂ ಕಾಯಕದ ಒಂದು ಭಾಗವೇ ಸರಿ. ಆ ಎಚ್ಚರವನ್ನೂ, ನೊಂದವರನ್ನು ನಗದೆ ಎತ್ತಿಹಿಡಿಯುವ ಕರುಣೆಯನ್ನೂ ಪರಶಿವನು ಸಕಲ ಸದ್ಭಕ್ತರಿಗೆ ಅನುಗ್ರಹಿಸಲೆಂದು ಹಾರೈಸುತ್ತೇವೆ.